ಬಸುರಿನ ಪುಸ್ತಕ ಕೊಳ್ಳುವಾಗ ಹಿಂಬದಿಯಿಂದ ತೆರೆಯಿರಿ

ಕರಡು ತಿದ್ದುವುದು ನನ್ನ ಹೊಟ್ಟೆಪಾಡು. ಯಾವ ಪುಸ್ತಕ ಕೈಗೆ ಬಂದರೂ ಮೊದಲು ಹಿಂಬದಿ ತೆರೆದು ಪದಸೂಚಿ ಇದೆಯೇ ಎಂದು ನೋಡುವುದು ಕೆಲಸದಿಂದ ಅಂಟಿದ ಚಾಳಿ. ಹೆಂಡತಿ ಬಸುರಿಯಾದಾಗ ಮಾತ್ರ ಆ ಚಾಳಿ ಕೈಕೊಟ್ಟಿತು. ಮುಖಪುಟದ ಚಿತ್ರ ಚೆನ್ನಾಗಿದೆ ಎಂದು ಖುಷಿಯಲ್ಲಿ ಪುಸ್ತಕ ತಂದುಬಿಟ್ಟೆ.

ಮೂವತ್ತೊಂದನೇ ವಾರ, ರಾತ್ರಿ ಎರಡು ಗಂಟೆ. "ರೀ, ಸಂಜೆಯಿಂದ ಮಗು ಅಷ್ಟಾಗಿ ಒದೀತಿಲ್ಲ" ಅಂದಳು. ದೀಪ ಹಾಕಿ ಪುಸ್ತಕ ತೆಗೆದೆ. ಪದಸೂಚಿಯೇ ಇಲ್ಲ. ಪರಿವಿಡಿ ನೋಡಿದರೆ ಅಧ್ಯಾಯಗಳ ಹೆಸರೆಲ್ಲ ಕವಿತೆ: ಅರಳುವ ಮೊಗ್ಗು, ಎರಡು ಎದೆಬಡಿತ, ಹೀಗೆ. ಮಗು ಒದೆಯದಿರುವುದು ಮೊಗ್ಗಿನಲ್ಲಿ ಬರುತ್ತದೋ ಎದೆಬಡಿತದಲ್ಲೋ? ಎರಡನ್ನೂ ತಿರುವಿ, ಕೊನೆಗೆ ಇನ್ನೆಲ್ಲೋ ಒಂದು ಮೂಲೆಯಲ್ಲಿ ಸಿಕ್ಕಿದ ಸಾಲು ಇದು: ಚಲನೆ ಕಡಿಮೆ ಎನಿಸಿದಲ್ಲಿ ವೈದ್ಯರೊಂದಿಗೆ ಚರ್ಚಿಸುವುದು ಉಚಿತ. ನಾನು ಆ 'ಉಚಿತ'ದ ಮುಂದೆ ಕೂತಿರುವಷ್ಟರಲ್ಲಿ ಅವಳು ಆಸ್ಪತ್ರೆಗೆ ಫೋನ್ ಮಾಡಿ ಮುಗಿಸಿದ್ದಳು. ಆ ಕಡೆಯ ನರ್ಸು "ಬೆಳಗಿನ ತನಕ ಕಾಯಬೇಡಿ, ಈಗಲೇ ಹೊರಡಿ" ಅಂದಿದ್ದರು. ಹೋದೆವು. ಹೊಟ್ಟೆಗೆ ಪಟ್ಟಿ ಬಿಗಿದು ಮಗುವಿನ ಎದೆಬಡಿತ ನೋಡಿದರು. ಎಲ್ಲ ಸರಿಯಿತ್ತು. ಪುಸ್ತಕವನ್ನು ಮಾತ್ರ ಮಾರನೇ ದಿನವೇ ಬದಲಾಯಿಸಿದೆ.

ಹಾಗಾಗಿ ನನ್ನ ಮೊದಲ ಪರೀಕ್ಷೆ ಇದು. ಅಂಗಡಿಯಲ್ಲಿ ನಿಂತೇ ಐದು ವಿಷಯ ಹುಡುಕಿ: ರಕ್ತಸ್ರಾವ, ತಲೆನೋವು, ಜ್ವರ, ನೀರು ಒಡೆಯುವುದು, ಮಗುವಿನ ಅಲುಗಾಟ. ಒಂದೊಂದಕ್ಕೂ ಅರ್ಧ ನಿಮಿಷ ಸಾಕಾಗಬೇಕು. ಸಿಗಲಿಲ್ಲವೆಂದರೆ ಗಾಬರಿಯಲ್ಲಿ ಖಂಡಿತ ಸಿಗುವುದಿಲ್ಲ. ಸಿಕ್ಕರೆ ತಲೆನೋವಿನ ಪುಟವನ್ನು ಪೂರ್ತಿ ಓದಿ. ವಿಶ್ರಾಂತಿ ತೆಗೆದುಕೊಳ್ಳಿ, ನೀರು ಕುಡಿಯಿರಿ ಎಂದಷ್ಟೇ ಹೇಳಿ ಬಿಟ್ಟಿದ್ದರೆ ಅಲ್ಲಿಯೇ ಇಟ್ಟುಬನ್ನಿ. 20 ವಾರ ಕಳೆದ ಮೇಲೆ ಜೋರು ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈಗಳು ಇದ್ದಕ್ಕಿದ್ದಂತೆ ಊದಿಕೊಳ್ಳುವುದು ಇವೆಲ್ಲ ಪ್ರೀ-ಎಕ್ಲಾಂಪ್ಸಿಯಾದ (ಬಸುರಿನಲ್ಲಿ ರಕ್ತದೊತ್ತಡ ಏರಿ ತಾಯಿ ಮಗು ಇಬ್ಬರಿಗೂ ಅಪಾಯ ತರುವ ಕಾಯಿಲೆ) ಸೂಚನೆ ಇರಬಹುದು, ರಕ್ತದೊತ್ತಡ 140/90 ಮುಟ್ಟಿದರೆ ಸುಮ್ಮನಿರುವಂತಿಲ್ಲ, ತಕ್ಷಣ ಫೋನ್ ಮಾಡಿ ಎಂದು ಹೇಳುವ ಪುಸ್ತಕ ನಂಬಿಕೆಗೆ ಅರ್ಹ. ವಾಕ್ಯ ಚಿಕ್ಕದಿರಬೇಕು, ಕ್ರಿಯಾಪದ ಗಟ್ಟಿಯಾಗಿರಬೇಕು. 'ಉಚಿತ', 'ಒಳಿತು', 'ಸೂಕ್ತ' ಇವು ರಾತ್ರಿ ಎರಡು ಗಂಟೆಗೆ ಕೆಲಸಕ್ಕೆ ಬರುವ ಮಾತುಗಳಲ್ಲ.

ಎರಡನೆಯದು ಇಸವಿ. ಇಲ್ಲಿ ಓದುಗರು ಸುಲಭವಾಗಿ ಮೋಸಹೋಗುತ್ತಾರೆ. 'ಹನ್ನೊಂದನೇ ಮುದ್ರಣ' ಎಂದರೆ ಹಳೆಯದನ್ನೇ ಹನ್ನೊಂದನೇ ಸಲ ಅಚ್ಚುಹಾಕಿದ್ದಾರೆ ಎಂದರ್ಥ. ನಿಮಗೆ ಬೇಕಿರುವುದು 'ಪರಿಷ್ಕೃತ ಆವೃತ್ತಿ' ಎಂಬ ಮಾತು, ಅದರ ಪಕ್ಕದ ಇಸವಿ. ಪರಿಷ್ಕೃತ ಎಂದು ಮುಖಪುಟದಲ್ಲಿ ಮಾತ್ರ ಬರೆದು ಒಳಗೆ ಅಲ್ಪವಿರಾಮವನ್ನೂ ಅಲುಗಿಸದ ಪುಸ್ತಕಗಳು ನನ್ನ ಮೇಜಿಗೇ ಬಂದಿವೆ. ಅದಕ್ಕೇ ಒಳಗೂ ಇಣುಕಿ. ಹೆರಿಗೆಯ ಅಧ್ಯಾಯದಲ್ಲಿ ಗರ್ಭಕೊರಳು ಗಂಟೆಗೆ 1 ಸೆಂಟಿಮೀಟರ್ ತೆರೆದುಕೊಳ್ಳಲೇಬೇಕು ಎಂದಿದೆಯೇ? ಆ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಬಿರುಸಿನ ಹೆರಿಗೆನೋವಿನ ಹಂತವನ್ನೂ ಅದು 5 ಸೆಂಟಿಮೀಟರ್‌ನಿಂದ ಎಣಿಸುತ್ತದೆ. ತಪಾಸಣೆ ಒಟ್ಟು ನಾಲ್ಕು ಸಲ ಸಾಕು ಎಂದಿದ್ದರೆ ಅದು 2016ಕ್ಕೂ ಹಿಂದಿನ ಮಾತು. ಆ ವರ್ಷದಿಂದ ಅದೇ ಸಂಸ್ಥೆ ಕನಿಷ್ಠ ಎಂಟು ಎನ್ನುತ್ತಿದೆ. ನಮ್ಮಕ್ಕ ಅಕ್ಕರೆಯಿಂದ ಜೋಪಾನ ಮಾಡಿ ಕೊಟ್ಟ ಪುಸ್ತಕವೊಂದರಲ್ಲಿ ಮಗುವನ್ನು ಬೋರಲು ಮಲಗಿಸಿದರೆ ಚೆನ್ನಾಗಿ ನಿದ್ದೆ ಮಾಡುತ್ತದೆ ಎಂದಿತ್ತು. ಹಸುಗೂಸನ್ನು ಅಂಗಾತ ಮಲಗಿಸಬೇಕು. ಬೋರಲು ಮಲಗಿಸಿದರೆ ನಿದ್ದೆಯಲ್ಲೇ ಹಠಾತ್ ಸಾವಿನ ಅಪಾಯ ಹೆಚ್ಚು. ಅಕ್ಕನ ಎದುರು ಏನೂ ಅನ್ನಲಿಲ್ಲ. ಪುಸ್ತಕ ಅಟ್ಟ ಸೇರಿತು.

ಅಳತೆಗಳನ್ನೂ ನೋಡಿಕೊಳ್ಳಿ. ಬದಲಾಯಿಸಿ ತಂದ ಪುಸ್ತಕವೂ ನಮ್ಮನ್ನು ಒಮ್ಮೆ ಹೆದರಿಸಿತು. ಖಾಲಿಹೊಟ್ಟೆಯ ಸಕ್ಕರೆ 5.1ಕ್ಕಿಂತ ಕಡಿಮೆ ಇರಬೇಕು ಎಂದು ಅದರಲ್ಲಿತ್ತು. ಇವಳ ರಿಪೋರ್ಟಿನಲ್ಲಿ 84! ಇಬ್ಬರೂ ಮುಖ ಮುಖ ನೋಡಿಕೊಂಡೆವು. ಆಮೇಲೆ ಗೊತ್ತಾಯಿತು, ಪುಸ್ತಕದ್ದು ಮಿಲಿಮೋಲ್ ಲೆಕ್ಕ, ಲ್ಯಾಬಿನದು ಮಿಲಿಗ್ರಾಂ ಲೆಕ್ಕ. 84ನ್ನು 18ರಿಂದ ಭಾಗಿಸಿದರೆ 4.7 ಆಗುತ್ತದೆ, ಏನೂ ತೊಂದರೆಯಿಲ್ಲ. ನಿಮ್ಮ ಲ್ಯಾಬು ಬಳಸುವ ಲೆಕ್ಕದಲ್ಲೇ ಬರೆದ, ಇಲ್ಲವೇ ಎರಡನ್ನೂ ಕೊಡುವ ಪುಸ್ತಕ ಆರಿಸಿಕೊಳ್ಳಿ.

ವಾರವಾರಕ್ಕೂ ಮಗುವನ್ನು ಒಂದೊಂದು ಹಣ್ಣಿಗೆ ಹೋಲಿಸುವ ಪುಟಗಳು ಇದ್ದರೆ ಇರಲಿ, ಓದಲು ಮಜವಾಗಿರುತ್ತವೆ. ಅವನ್ನೇ ನೋಡಿ ಕೊಳ್ಳಬೇಡಿ, ಅಷ್ಟೇ.

ಸಿಸೇರಿಯನ್, ಗರ್ಭಪಾತ, ಹೆರಿಗೆಯ ನಂತರದ ಖಿನ್ನತೆ ಇವಕ್ಕೆ ಎಷ್ಟು ಪುಟ ಕೊಟ್ಟಿದ್ದಾರೆ ಎಂದು ಎಣಿಸಿ. ಮಗು ಹುಟ್ಟಿದ ದಿನಕ್ಕೇ ಮುಗಿದುಹೋಗುವ ಪುಸ್ತಕ ಅರ್ಧ ಪುಸ್ತಕ. ಹೊಲಿಗೆ ಹಾಕಿದ ಜಾಗದ ನೋವು, ಎದೆ ಕಟ್ಟಿಕೊಳ್ಳುವುದು, ಕಾರಣವಿಲ್ಲದ ಅಳು ಎಲ್ಲ ಆಮೇಲಿನವೇ. ಸಿಸೇರಿಯನ್ ಆದವರು ಏನೋ ಸೋತರು ಎಂಬ ದನಿ ಒಂದು ಸಾಲಿನಲ್ಲಿ ಕೇಳಿದರೂ ಮುಚ್ಚಿಡಿ. ಗಂಡಸರಿಗೆಂದು ಬರೆದ ಅಧ್ಯಾಯವನ್ನು ಮಾತ್ರ ಗಂಡಸರೇ ಓದಿ ತೀರ್ಪು ಕೊಡಲಿ. ನಾನು ನೋಡಿದವುಗಳಲ್ಲಿ ಹೆಚ್ಚಿನವು 'ತಾಳ್ಮೆಯಿಂದಿರಿ' ಎಂಬಲ್ಲಿಗೆ ಮುಗಿದವು. ಯಾವ ಲಕ್ಷಣಕ್ಕೆ ಯಾರಿಗೆ ಫೋನ್ ಮಾಡಬೇಕು, ನೋವು ಬಂದಾಗ ಸೊಂಟದ ಯಾವ ಭಾಗ ಒತ್ತಬೇಕು ಎಂದು ಹೇಳಿದ್ದು ಒಂದೇ ಒಂದು.

ಅವಳು ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ. ಎಂಟನೇ ತಿಂಗಳಲ್ಲಿ ಓದುವುದು ಒಂದು ಮಗ್ಗುಲಿಗೆ ಮಲಗಿಕೊಂಡು. ಇಟ್ಟಿಗೆಯಂಥ ಪುಸ್ತಕವಾದರೆ ತೂಕಡಿಸಿದಾಗ ಮೂಗಿನ ಮೇಲೇ ಬೀಳುತ್ತದೆ. ಮೂರು ನಾಲ್ಕು ಪುಸ್ತಕವೂ ಬೇಡ, ಒಂದು ಹೇಳಿದ್ದನ್ನು ಇನ್ನೊಂದು ಅಲ್ಲಗಳೆಯುತ್ತದೆ. ಒಂದನ್ನು ಆರಿಸಿ, ಮುಂದಿನ ತಪಾಸಣೆಗೆ ಜೊತೆಗೆ ಒಯ್ದು ಡಾಕ್ಟರಿಗೆ ತೋರಿಸಿ. ನಮ್ಮ ಡಾಕ್ಟರು ಎರಡು ಕಡೆ ಗೀಟು ಹಾಕಿ "ಇದು ನಿಮಗೆ ಅನ್ವಯಿಸಲ್ಲ" ಎಂದು ಅಂಚಿನಲ್ಲೇ ಬರೆದುಕೊಟ್ಟರು. ಇಡೀ ಪುಸ್ತಕದಲ್ಲಿ ನಾವು ಮತ್ತೆ ಮತ್ತೆ ನೋಡಿದ್ದು ಆ ಎರಡು ಅಂಚುಗಳನ್ನೇ.

ರಟ್ಟಿನ ಒಳಬದಿಯಲ್ಲಿ ಆಸ್ಪತ್ರೆಯ ನಂಬರು, ಅವಳ ರಕ್ತದ ಗುಂಪು, ಹೆರಿಗೆಯ ಅಂದಾಜು ತಾರೀಖು ದಪ್ಪಕ್ಷರದಲ್ಲಿ ಬರೆದಿಡಿ. ಪೆನ್ನಿನಲ್ಲೇ ಬರೆಯಿರಿ. ನಾನು ಅಭ್ಯಾಸಬಲದಿಂದ ಪೆನ್ಸಿಲಿನಲ್ಲಿ ಬರೆದಿದ್ದೆ, ನಂಬರಿನ ಕೊನೆಯ ಎರಡು ಅಂಕಿ ಅಳಿಸಿಹೋಗಿದ್ದವು.