ಅಂಗೈ ನರದ ಮೇಲಿನ ಗಂಟು: ತೊಟ್ಟು ಹುಡುಕುವುದೇ ಅರ್ಧ ಚಿಕಿತ್ಸೆ

ಕೈ ಮೇಲೆ ಗಂಟು ಎದ್ದರೆ ಬೆಂಗಳೂರಿನ ಜನ ಜಾಸ್ತಿ ತಡ ಮಾಡುವುದಿಲ್ಲ. ಕಣ್ಣಿಗೆ ಕಾಣುತ್ತದೆ ಅಲ್ವಾ, ಕ್ಯಾನ್ಸರ್ ಇರಬಹುದೇನೋ ಅಂತ ಹೆದರಿ ಬಂದುಬಿಡುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಇರುವುದು ಮಣಿಕಟ್ಟಿನ ಹಿಂಬದಿಯ ಗ್ಯಾಂಗ್ಲಿಯಾನ್. ಕೀಲಿನಿಂದ ಹೊರಗೆ ಉಬ್ಬಿದ, ಲೋಳೆ ತುಂಬಿದ ಚೀಲ ಅದು. ಟಾರ್ಚ್ ಒತ್ತಿ ಹಿಡಿದರೆ ಒಳಗೆಲ್ಲ ಬೆಳಕು ಹಾಯುತ್ತದೆ. ನೋವಿಲ್ಲದಿದ್ದರೆ ಏನೂ ಮಾಡಬೇಕಿಲ್ಲ. ಎಷ್ಟೋ ಸಲ ತಾನಾಗಿಯೇ ಇಳಿದುಹೋಗುತ್ತದೆ.

ಕೈ ಸರ್ಜನ್ ಆಗಿ ನನಗೆ ಜಾಸ್ತಿ ಚಿಂತೆ ಇರುವುದು ಹೊರಗೆ ಕಾಣದ ಗಂಟುಗಳ ಬಗ್ಗೆ. ಅಂಗೈಯ ಆಳದಲ್ಲಿ, ನರಕ್ಕೆ ಅಂಟಿಕೊಂಡು ಕೂತಿರುತ್ತವೆ. ಇವು ಕ್ಯಾನ್ಸರ್ ಅಲ್ಲ, ಜೀವಕ್ಕೆ ಅಪಾಯವಿಲ್ಲ. ಆದರೆ ಕೈಯ ಕಸುಬನ್ನೇ ಕಿತ್ತುಕೊಳ್ಳಬಲ್ಲವು.

ಕೆ.ಆರ್. ಮಾರ್ಕೆಟ್‌ನಲ್ಲಿ ಹೂ ಕಟ್ಟುವ ಒಬ್ಬರು ಬಂದಿದ್ದರು. "ನೋವೇನಿಲ್ಲ ಡಾಕ್ಟ್ರಮ್ಮ, ಬೆರಳಲ್ಲಿ ಹಿಡಿತಾನೇ ಇಲ್ಲ. ಒಂದು ಮೊಳ ಕಟ್ಟೋಷ್ಟರಲ್ಲಿ ನಾರು ಜಾರುತ್ತೆ" ಎಂದರು. ಕತ್ತಿನ ಸವೆತ ಎಂದು ಯಾರೋ ಹೇಳಿ ಕಾಲರ್ ಹಾಕಿಸಿದ್ದರು. ಅವರ ಎರಡೂ ಕೈಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಡಿಸಿದೆ. ಬಲಗೈಯಲ್ಲಿ ಹೆಬ್ಬೆರಳು, ತೋರುಬೆರಳುಗಳ ನಡುವೆ ಮಾಂಸ ತುಂಬಿರಬೇಕಾದ ಜಾಗ ಗುಳಿ ಬಿದ್ದಿತ್ತು. ಒಂದು ಕಾಗದವನ್ನು ಆ ಎರಡು ಬೆರಳ ನಡುವೆ ಕೊಟ್ಟು, "ಬಿಡಬೇಡಿ ಅಕ್ಕ, ನಾನು ಎಳೆಯುತ್ತೇನೆ" ಎಂದೆ. ಎಡಗೈ ಹೆಬ್ಬೆರಳು ನೆಟ್ಟಗೇ ಇತ್ತು. ಬಲಗೈಯದು ತುದಿಯ ಗೆಣ್ಣಿನಲ್ಲಿ ಮಡಿಚಿಕೊಂಡಿತು. ಹೆಬ್ಬೆರಳನ್ನು ಒಳಗೆ ಒತ್ತುವ ಸ್ನಾಯು ಸೋತಾಗ, ತುದಿ ಬಗ್ಗಿಸುವ ಸ್ನಾಯು ಸಹಾಯಕ್ಕೆ ಬರುತ್ತದೆ. ಅದಕ್ಕೆ ಬೇರೆ ನರ, ಮೀಡಿಯನ್ ನರ. ಸೋತಿರುವುದು ಅಲ್ನಾರ್ ನರದ ಸ್ನಾಯು. ಇದನ್ನು 1915ರಿಂದ ಫ್ರೋಮೆಂಟ್ ಚಿಹ್ನೆ ಎಂದು ಕರೆಯುತ್ತಾರೆ. ಒಂದು ಚೂರು ಕಾಗದ ಸಾಕು, ಖರ್ಚಿಲ್ಲ.

ಇನ್ನೊಂದು ವಿಷಯ ನೋಡಲೇಬೇಕು: ಸ್ಪರ್ಶ. ಅವರ ಕಿರುಬೆರಳಿಗೆ ಹತ್ತಿ ಸವರಿದರೂ ಗೊತ್ತಾಗುತ್ತಿತ್ತು, ಜೋಮು ಇರಲಿಲ್ಲ. ಬರೀ ಶಕ್ತಿ ಹೋಗಿದೆ, ಸ್ಪರ್ಶ ಪೂರ್ತಿ ಇದೆ ಎಂದರೆ ತೊಂದರೆ ಎಲ್ಲಿದೆ ಎಂಬುದು ಬಹುಮಟ್ಟಿಗೆ ಗೊತ್ತಾದ ಹಾಗೆ. ಕಿರುಬೆರಳ ಕಡೆಯಿಂದ ಅಂಗೈಗೆ ಇಳಿಯುವ ಅಲ್ನಾರ್ ನರ, ಪಿಸಿಫಾರ್ಮ್ ಎಂಬ ಪುಟ್ಟ ಮೂಳೆ ಮತ್ತು ಹ್ಯಾಮೇಟ್ ಮೂಳೆಯ ಕೊಕ್ಕೆಯ ನಡುವೆ ಒಂದು ಇಕ್ಕಟ್ಟಾದ ದಾರಿಯಲ್ಲಿ ಸಾಗುತ್ತದೆ. ಫ್ರಾನ್ಸ್‌ನ ಸರ್ಜನ್ ಗಯೋನ್ 1861ರಲ್ಲಿ ವಿವರಿಸಿದ ದಾರಿ ಇದು. ಅಲ್ಲೇ ನರ ಕವಲೊಡೆಯುತ್ತದೆ. ಒಂದು ಕವಲು ಚರ್ಮಕ್ಕೆ, ಇನ್ನೊಂದು ಆಳಕ್ಕೆ ಇಳಿದು ಸ್ನಾಯುಗಳಿಗೆ. ಆಳದ ಕವಲನ್ನಷ್ಟೇ ಗಂಟು ಅದುಮಿದರೆ ಹೀಗಾಗುತ್ತದೆ. ಮೊಣಕೈಯಲ್ಲಿ ನರ ಸಿಕ್ಕಿಕೊಂಡರೆ ಸಾಮಾನ್ಯವಾಗಿ ಕಿರುಬೆರಳಿನ ಜೊತೆ ಅಂಗೈಯ ಹಿಂಬದಿಯೂ ಮರಗಟ್ಟುತ್ತದೆ. ಅಂಗೈಯ ಗಂಟಿನಿಂದ ಹಿಂಬದಿ ಮರಗಟ್ಟುವುದಿಲ್ಲ, ಆ ಭಾಗದ ಕವಲು ಮಣಿಕಟ್ಟಿಗಿಂತ ಮೊದಲೇ ಬೇರೆಯಾಗಿ ಹೋಗಿರುವುದೇ ಕಾರಣ.

ಸ್ಕ್ಯಾನ್‌ಗೆ ಬರೆಯುವ ಮೊದಲು ಮೊಣಕೈ ಹಿಂದೆ ನರ ದಪ್ಪಗಾಗಿದೆಯೇ, ಚರ್ಮದಲ್ಲಿ ಸ್ಪರ್ಶವಿಲ್ಲದ ಮಚ್ಚೆ ಇದೆಯೇ ಎಂದು ತಪ್ಪದೆ ನೋಡುತ್ತೇನೆ. ಕುಷ್ಠರೋಗ ಇನ್ನೂ ನಮ್ಮ ನಡುವೆ ಇದೆ. ಅದರಲ್ಲಿ ನರದೊಳಗೆ ಕೀವು ಕಟ್ಟಿದರೆ ಸ್ಕ್ಯಾನ್‌ನಲ್ಲಿ ನೀರುಗುಳ್ಳೆಯಂತೆಯೇ ಕಾಣಬಹುದು. ಅದಕ್ಕೆ ಮುಖ್ಯ ಚಿಕಿತ್ಸೆ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ. ಇದನ್ನು ಕೇಳುವಾಗ ಜೊತೆಗೆ ಬಂದವರನ್ನು ಹೊರಗೆ ಕೂರಿಸುತ್ತೇನೆ. ಆ ಹೆಸರು ಕೇಳಿದರೆ ಮನೆಯವರ ಮುಖ ಬದಲಾಗುವುದನ್ನು ನೋಡಿದ್ದೇನೆ, ರೋಗಿಗೆ ಆ ನೋವು ಬೇಡ.

ಆಮೇಲೆ ಅಲ್ಟ್ರಾಸೌಂಡ್. ಲೋಳೆ ತುಂಬಿದ ಗಂಟು ಪೂರ್ತಿ ಕಪ್ಪಗೆ ಕಾಣುತ್ತದೆ, ಒಳಗೆ ರಕ್ತದ ಓಟ ಇರುವುದಿಲ್ಲ. ರಕ್ತದ ಓಟ ತೋರಿಸುವ ಡಾಪ್ಲರ್ ಹಾಕಿ ನೋಡುವುದು ಬಹಳ ಮುಖ್ಯ. ಅಂಗೈ ಅಂಚಿನಿಂದ ಪದೇಪದೇ ಗುದ್ದುವ ಕೆಲಸದವರಲ್ಲಿ ಅಲ್ನಾರ್ ರಕ್ತನಾಳವೇ ಉಬ್ಬಿರಬಹುದು. ಅದಕ್ಕೆ ಸೂಜಿ ಚುಚ್ಚಿದರೆ ಅನಾಹುತ. ಶ್ವಾನೋಮಾ ಎಂಬ ನರದ ಗಡ್ಡೆಯೂ ಕಪ್ಪಗೆ ಕಾಣಬಹುದು. ಆದರೆ ನರ ಒಂದು ತುದಿಯಿಂದ ಒಳಹೊಕ್ಕು ಇನ್ನೊಂದು ತುದಿಯಿಂದ ಹೊರಬರುವುದು ಎಷ್ಟೋ ಸಲ ಸ್ಪಷ್ಟವಾಗಿ ಗೊತ್ತಾಗುತ್ತದೆ. ಬೆರಳಿನಿಂದ ಅದನ್ನು ಆಚೀಚೆ ಸರಿಸಬಹುದು, ನರದ ಉದ್ದಕ್ಕೆ ಸರಿಸಲಾಗದು. ತಟ್ಟಿದರೆ ಕರೆಂಟ್ ಹೊಡೆದ ಹಾಗಾಗುತ್ತದೆ ಎನ್ನುತ್ತಾರೆ. ಅನುಮಾನ ಉಳಿದರೆ ಎಂಆರ್‌ಐ. ನಾನು ರೇಡಿಯಾಲಜಿಸ್ಟ್‌ಗೆ ಫೋನ್ ಮಾಡಿ ಒಂದೇ ಮಾತು ಕೇಳುವುದು: ತೊಟ್ಟು ಯಾವ ಕೀಲಿಗೆ ಹೋಗಿದೆ?

ತೊಟ್ಟು ಎಂದರೆ ಗಂಟನ್ನು ಕೀಲಿಗೆ ಸೇರಿಸುವ ಸಣ್ಣ ಕೊಳವೆ. ಗ್ಯಾಂಗ್ಲಿಯಾನ್ ವಿಷಯದಲ್ಲಿ ಎಲ್ಲವೂ ನಿಂತಿರುವುದು ಇದರ ಮೇಲೆ. ಚೀಲವನ್ನಷ್ಟೇ ತೆಗೆದರೆ ಕೀಲಿನ ದ್ರವ ಅದೇ ದಾರಿಯಲ್ಲಿ ಮತ್ತೆ ಬರುತ್ತದೆ. ಸೂಜಿಯಲ್ಲಿ ಎಳೆದ ಗಂಟುಗಳು ಅಷ್ಟೊಂದು ಮರಳಿ ಬರುವುದಕ್ಕೂ ಇದೇ ಕಾರಣ. ಅಪರೂಪಕ್ಕೆ ಲೋಳೆ ನರದ ಹೊದಿಕೆಯೊಳಗೇ ನುಗ್ಗಿರುತ್ತದೆ. ಮೊಣಕಾಲಿನ ಬಳಿಯ ಪೆರೋನಿಯಲ್ ನರದಲ್ಲಿ ಇದು ಹೆಚ್ಚು, ಕೈಯಲ್ಲಿ ಕಡಿಮೆ. ಅದು ನರದಲ್ಲೇ ಹುಟ್ಟಿದ ಗುಳ್ಳೆ ಎಂದು ಬಹಳ ಕಾಲ ಅಂದುಕೊಂಡಿದ್ದರು. ಕೀಲಿಗೆ ಹೋಗುವ ಸಣ್ಣ ನರದ ಕವಲಿನ ಮೂಲಕ ದ್ರವ ಮೇಲೇರುತ್ತದೆ ಎಂದು ಅಮೆರಿಕದ ಮೇಯೋ ಕ್ಲಿನಿಕ್‌ನ ರಾಬರ್ಟ್ ಸ್ಪಿನ್ನರ್ 2003ರಲ್ಲಿ ವಾದ ಮುಂದಿಟ್ಟರು. ಆ ಕವಲನ್ನು ಕತ್ತರಿಸಿದರೆ ದ್ರವದ ದಾರಿ ಮುಚ್ಚುತ್ತದೆ. ಗುಳ್ಳೆಯ ಗೋಡೆಯನ್ನು ನರದ ಎಳೆಗಳಿಂದ ಕಿತ್ತು ತೆಗೆಯುವ ಹಟ ಬೇಡ, ಅದರಿಂದ ಎಳೆಗಳೇ ಹರಿಯುತ್ತವೆ. ಹೊದಿಕೆಯನ್ನು ಉದ್ದಕ್ಕೆ ಸೀಳಿ ಲೋಳೆ ಹರಿಯಬಿಟ್ಟರೆ ಸಾಕು. ನನಗೆ ಈ ವಿಚಾರ ಪೂರ್ತಿ ಒಪ್ಪಿಗೆ.

ಹೂ ಕಟ್ಟುವವರ ನರದ ಪರೀಕ್ಷೆಯಲ್ಲಿ ಸ್ಪರ್ಶದ ನರ ಸರಿ ಇತ್ತು, ಸ್ನಾಯುವಿನ ಕವಲು ಮಾತ್ರ ನಿಧಾನ. ಸ್ಕ್ಯಾನ್‌ನಲ್ಲಿ ಗಂಟು ಸಿಕ್ಕಿತು. ಸ್ನಾಯು ಸವೆಯುತ್ತಿದ್ದರೆ ಕಾಯುವುದು ಸರಿಯಲ್ಲ, ಆಪರೇಷನ್ ಮಾಡೋಣ ಎಂದೆ.

ಕೈಯನ್ನಷ್ಟೇ ಮರಗಟ್ಟಿಸಿ, ತೋಳಿಗೆ ರಕ್ತದ ಓಟ ತಡೆಯುವ ಪಟ್ಟಿ (ಟೂರ್ನಿಕೆ) ಕಟ್ಟಿ, ಕಣ್ಣಿಗೆ ದೊಡ್ಡದಾಗಿ ತೋರಿಸುವ ಕನ್ನಡಕ (ಲೂಪ್) ಹಾಕಿಕೊಂಡು ಮಾಡುವ ಕೆಲಸ ಇದು. ಗಂಟಿನ ಮೇಲೆ ನೇರವಾಗಿ ಕೈ ಹಾಕುವುದಿಲ್ಲ. ಮಣಿಕಟ್ಟಿನ ಮೇಲ್ಭಾಗದಲ್ಲಿ, ಎಲ್ಲ ಸರಿ ಇರುವ ಜಾಗದಲ್ಲಿ ನರವನ್ನೂ ರಕ್ತನಾಳವನ್ನೂ ಮೊದಲು ಕಂಡುಕೊಂಡು, ಅವುಗಳನ್ನೇ ಹಿಡಿದು ಕೆಳಗೆ ಇಳಿಯುತ್ತೇನೆ. ಆಳದ ಕವಲು ಕಿರುಬೆರಳ ಬುಡದ ಸ್ನಾಯುಗಳ ಕೆಳಗೆ ಗಟ್ಟಿ ಪಟ್ಟಿಯೊಂದರಡಿ ನುಸುಳುತ್ತದೆ. ಆ ಪಟ್ಟಿ ಬಿಡಿಸಿದಾಗ ಗಂಟು ಕಂಡಿತು. ನರ ಅದರ ಬೆನ್ನ ಮೇಲೆ ಚಪ್ಪಟೆಯಾಗಿ ಹರಡಿಕೊಂಡಿತ್ತು. ಚೀಲ ಒಡೆದರೆ ಒಳಗೆ ಲೋಳೆಸರದ ತಿರುಳಿನಂತಹ ಅಂಟು, ಕನ್ನಡಿಯಷ್ಟು ತಿಳಿ. ಈಗ ಅವಸರ ಮಾಡಬಾರದು. ತೊಟ್ಟು ಸಣ್ಣದಾಗುತ್ತಾ ಪಿಸಿಫಾರ್ಮ್ ಮತ್ತು ಟ್ರೈಕ್ವೆಟ್ರಮ್ ಮೂಳೆಗಳ ಕೀಲಿಗೆ ಹೋಗಿತ್ತು. ಕೀಲಿನ ಹೊದಿಕೆಯ ಒಂದು ಚೂರಿನ ಸಮೇತ ಅದನ್ನು ತೆಗೆದೆ. ಹೊಲಿಗೆಗೆ ಮೊದಲು ಟೂರ್ನಿಕೆ ಬಿಟ್ಟು ರಕ್ತ ಸೋರುತ್ತಿಲ್ಲ, ಬೆರಳುಗಳಿಗೆ ಬಣ್ಣ ಬಂದಿದೆ ಎಂದು ಖಚಿತ ಮಾಡಿಕೊಂಡೆ. ತೆಗೆದದ್ದು ಎಷ್ಟೇ ಮಾಮೂಲಿಯಾಗಿ ಕಂಡರೂ ಪೆಥಾಲಜಿಗೆ ಹೋಗಲೇಬೇಕು.

ಶ್ವಾನೋಮಾ ಆಗಿದ್ದರೆ ದಾರಿ ಬೇರೆ. ಅಲ್ಲಿ ತೊಟ್ಟಿಲ್ಲ. ಕೆಲಸ ಮಾಡುವ ಎಳೆಗಳನ್ನು ಪಕ್ಕಕ್ಕೆ ಸರಿಸಿ, ಗಡ್ಡೆಯನ್ನು ಅದರ ಹೊದಿಕೆಯಿಂದ ಇಡಿಯಾಗಿ ಬಿಡಿಸುತ್ತೇವೆ. ನರವನ್ನೇ ಕತ್ತರಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ನಂತರದ ದಿನಗಳ ಬಗ್ಗೆ ಆಪರೇಷನ್‌ಗೆ ಮೊದಲೇ ಮಾತಾಡಿಬಿಡುತ್ತೇನೆ. ಎಳೆಗಳೇ ಕೆಟ್ಟಿದ್ದರೆ ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಶಕ್ತಿ ಬರಲು ತಿಂಗಳುಗಳು ಬೇಕು. ಒಂದೂವರೆ, ಎರಡು ವರ್ಷ ಸವೆದ ಸ್ನಾಯು ಪೂರ್ತಿ ತುಂಬಿಕೊಳ್ಳುತ್ತದೆ ಎಂದು ಯಾರಿಗೂ ಮಾತು ಕೊಡಲಾರೆ. ಹೂ ಕಟ್ಟುವವರು ಬೇಗ ಬಂದಿದ್ದರು, ಹಿಡಿತ ಮರಳಿತು. ಥೆರಪಿಸ್ಟ್ ಹಿಸುಕಲು ಕೊಟ್ಟ ಮೇಣದ ಜೊತೆಗೆ ಬಾಳೆನಾರನ್ನೂ ದಿನಾ ಸ್ವಲ್ಪ ಹೊತ್ತು ಹಿಡಿದು ಅಭ್ಯಾಸ ಮಾಡಿ ಎಂದಿದ್ದೆ. ಡಿಸ್ಚಾರ್ಜ್ ಚೀಟಿಯಲ್ಲಿ ಎಲ್ಲರಿಗೂ ಕನ್ನಡದಲ್ಲಿ ಒಂದು ಸಾಲು ಬರೆಯುತ್ತೇನೆ: ಜೋಮು ಶುರುವಾದರೆ ಅಥವಾ ಹಿಡಿತ ಮತ್ತೆ ಸಡಿಲವಾದರೆ, ಮುಂದಿನ ತಾರೀಖಿಗೆ ಕಾಯದೆ ಬನ್ನಿ.