ನಾಲ್ಕು ಬಾರಿ ಮುಚ್ಚಿದ ಗುಂಡಿ

ನಗರದ ರಸ್ತೆ ನಿರ್ವಹಣಾ ವಿಭಾಗಕ್ಕೆ ಕಿರಿಯ ಎಂಜಿನಿಯರ್ ಆಗಿ ಸೇರಿದ ಮೊದಲ ವರ್ಷ ನಾನು ಒಂದೇ ಗುಂಡಿಯನ್ನು ನಾಲ್ಕು ಬಾರಿ ಮುಚ್ಚಿಸಿದೆ. ಅದೇ ದಿನ, ಅದೇ ಲಾರಿಯ ಮಾಲಿನಿಂದ ಹಾಕಿದ ಅಕ್ಕಪಕ್ಕದ ತೇಪೆಗಳು ಗಟ್ಟಿಯಾಗಿ ಕೂತಿದ್ದವು; ಇದೊಂದು ಮಾತ್ರ ಕೆಲವೇ ವಾರಗಳಲ್ಲಿ, ಪ್ರತಿ ಸಲವೂ ಮೊದಲಿಗಿಂತ ತುಸು ಅಗಲವಾಗಿ, ಬಾಯಿ ತೆರೆಯುತ್ತಿತ್ತು. ಮಾಲು ಸರಿಯಿಲ್ಲವೆಂದೂ ರೋಲರ್ ಸರಿಯಾಗಿ ಓಡಿಸಿಲ್ಲವೆಂದೂ ಸಿಕ್ಕವರನ್ನೆಲ್ಲ ದೂರಿದೆ. ಐದನೆಯ ಬಾರಿ ಹಿರಿಯ ಮೇಸ್ತ್ರಿಯೊಬ್ಬರು, "ತುಂಬೋದಕ್ಕೆ ಮುಂಚೆ ಒಂದು ಸಲ ತಳದವರೆಗೂ ಅಗೆದು ನೋಡೋಣ ಸಾರ್" ಎಂದರು. ಮಳೆ ನಿಂತು ಹದಿನೈದು ದಿನವಾಗಿದ್ದರೂ ತಳದ ಜಲ್ಲಿಯ ಪದರ ಕೆಸರಾಗಿತ್ತು. ಅಲ್ಲಿಂದ ಎತ್ತಿಕೊಂಡ ಡಾಂಬರಿನ ಹೆಂಟೆಯನ್ನು ಬೆರಳಿನಿಂದ ಒತ್ತಿದರೆ ಸಾಕು, ಕಲ್ಲುಗಳು ಬಿಡಿಬಿಡಿಯಾಗಿ ಉದುರುತ್ತಿದ್ದವು. ಕಪ್ಪಗೆ ಇರಬೇಕಾಗಿದ್ದ ಜಲ್ಲಿ ತೊಳೆದಿಟ್ಟಂತೆ ಬೂದುಬಣ್ಣಕ್ಕೆ ತಿರುಗಿತ್ತು. ರಸ್ತೆಯಂಚಿನ ಚರಂಡಿಯಲ್ಲಿ ಹೂಳು ತುಂಬಿ, ಅದರ ನೀರು ಡಾಂಬರಿನ ಅಡಿಗೆ ಇಳಿಯುತ್ತಿತ್ತು. ಹೂಳು ತೆಗೆಸಿ, ತಳದ ಕೆಸರನ್ನು ಹೊರಹಾಕಿ ಹೊಸ ಜಲ್ಲಿ ತುಂಬಿಸಿದ ಮೇಲೆ ಹಾಕಿದ ಐದನೆಯ ತೇಪೆ ನಿಂತಿತು.

ಮೇಲ್ಪದರದ ಡಾಂಬರು ನೋಡುವುದಕ್ಕೆ ಕಲ್ಲಿನ ಚಪ್ಪಡಿಯಂತಿದ್ದರೂ ಸಾಮಾನ್ಯ ರಸ್ತೆಯಲ್ಲಿ ಭಾರದ ಬಹುಪಾಲನ್ನು ಹೊರುವುದು ಅದರ ಕೆಳಗಿನ ಜಲ್ಲಿ ಮತ್ತು ಮಣ್ಣಿನ ಪದರಗಳು. ಬಿಸಿಲು ಮತ್ತು ಗಾಳಿಗೆ ವರ್ಷಗಟ್ಟಲೆ ಒಡ್ಡಿಕೊಂಡ ಡಾಂಬರು ಜಿಗುಟು ಕಳೆದುಕೊಂಡು ಪೆಡಸಾಗುತ್ತದೆ, ಚಕ್ರದ ಭಾರಕ್ಕೆ ಬಾಗುವ ಬದಲು ಸೀಳುತ್ತದೆ, ಆ ಸೀಳಿನಿಂದ ನೀರು ಒಳಗಿಳಿಯುತ್ತದೆ. ಭಾರಿ ವಾಹನದ ಚಕ್ರ ಹಾದಾಗ ಒಳಗೆ ಸಿಕ್ಕಿಕೊಂಡ ನೀರು ಒತ್ತಡಕ್ಕೆ ಬಿರುಕಿನಿಂದ ಮೇಲಕ್ಕೆ ಚಿಮ್ಮುತ್ತದೆ, ಚಿಮ್ಮುವಾಗ ನುಣುಪಾದ ಮಣ್ಣನ್ನೂ ಹೊತ್ತು ತರುತ್ತದೆ. ಒಣಗಿದ ಮೇಲೆ ಬಿರುಕಿನ ಎರಡೂ ಬದಿಗೆ ಮಣ್ಣಿನ ಕಲೆ ಉಳಿದಿದ್ದರೆ ಕೆಳಗೆ ಪೊಳ್ಳಾಗುತ್ತಿದೆಯೆಂದು ತಿಳಿಯಬಹುದು. ಆಸರೆ ತಪ್ಪಿದ ಡಾಂಬರು ಮೊಸಳೆಯ ಚರ್ಮದಂತೆ ಸಣ್ಣ ಸಣ್ಣ ತುಂಡುಗಳಾಗಿ ಒಡೆಯುತ್ತದೆ. ಒಂದು ತುಂಡು ಕಿತ್ತು ಹೋದರೆ ಉಳಿದವು ಒಂದರ ಹಿಂದೆ ಒಂದರಂತೆ ಹೋಗುತ್ತವೆ. ಚಳಿಪ್ರದೇಶಗಳಲ್ಲಿ ಇದಕ್ಕೆ ಇನ್ನೊಂದು ಕಾಟವೂ ಸೇರಿಕೊಳ್ಳುತ್ತದೆ: ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗಿ ಪದರಗಳನ್ನು ಮೇಲೆತ್ತುತ್ತದೆ, ಕರಗಿದಾಗ ಅಲ್ಲಿ ಟೊಳ್ಳು ಉಳಿಯುತ್ತದೆ.

ವಾಹನಗಳ ಸಂಖ್ಯೆ ಹೆಚ್ಚಿದ್ದರಿಂದ ರಸ್ತೆ ಹಾಳಾಯಿತು ಎಂಬ ಮಾತು ಅರ್ಧ ಮಾತ್ರ ಸರಿ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಆಶೋ (AASHO) ಎಂಬ ಹೆದ್ದಾರಿ ಅಧಿಕಾರಿಗಳ ಸಂಘ ನಡೆಸಿದ ರಸ್ತೆ ಪರೀಕ್ಷೆಯಿಂದ ಬಂದ ಲೆಕ್ಕದ ಪ್ರಕಾರ ರಸ್ತೆಗಾಗುವ ಹಾನಿ ಆಕ್ಸಲ್ (ಎರಡು ಬದಿಯ ಚಕ್ರಗಳನ್ನು ಕೂಡಿಸುವ ಅಚ್ಚು) ಭಾರದ ಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆ. ಅಂದರೆ ಆಕ್ಸಲ್ ಮೇಲಿನ ಭಾರ ಎರಡರಷ್ಟಾದರೆ ಹಾನಿ ಹದಿನಾರರಷ್ಟು. ಗುಂಡಿಯ ಬಗ್ಗೆ ದೂರು ಹೇಳುವವರು ಬಹುಪಾಲು ದ್ವಿಚಕ್ರ ವಾಹನದವರೇ, ಆದರೆ ಗುಂಡಿ ಮಾಡುವುದರಲ್ಲಿ ಅವರ ಪಾಲು ಇಲ್ಲವೆನ್ನುವಷ್ಟು ಕಡಿಮೆ.

ಈಗ ನಾನು ದುರಸ್ತಿ ಮಾಡಿಸುವಾಗ ಗುಂಡಿಯ ಸುತ್ತ ಸುತ್ತಿಗೆಯಿಂದ ಬಡಿದು ನೋಡುತ್ತೇನೆ. ಟೊಳ್ಳು ಸದ್ದು ಬರುವವರೆಗಿನ ಜಾಗವೆಲ್ಲ ಸಡಿಲ; ಗಟ್ಟಿ ಸದ್ದು ಬರುವಲ್ಲಿಗೆ ಸೀಮೆಸುಣ್ಣದಿಂದ ಚೌಕ ಎಳೆದು, ಕಟ್ಟರ್‌ನಿಂದ ಅಂಚನ್ನು ನೆಟ್ಟಗೆ ಕತ್ತರಿಸುತ್ತೇವೆ. ಸಣ್ಣ ಗುಂಡಿಯನ್ನು ಇವರೇ ದೊಡ್ಡದು ಮಾಡುತ್ತಿದ್ದಾರೆಂದು ದಾರಿಹೋಕರು ಗೊಣಗುವುದುಂಟು, ಮೊದಮೊದಲು ನನಗೂ ಹಾಗೆಯೇ ಅನಿಸಿತ್ತು. ಆದರೆ ತಟ್ಟೆಯಂತೆ ಓರೆಯಾದ ಅಂಚಿನ ಮೇಲೆ ತೆಳ್ಳಗೆ ಕೂತ ಮಾಲು ಚಕ್ರಕ್ಕೆ ಸಿಕ್ಕಿ ಎದ್ದುಬರುತ್ತದೆ, ನೆಟ್ಟಗಿನ ಗೋಡೆ ಅದನ್ನು ಹಿಡಿದಿಡುತ್ತದೆ. ನೀರು ಮತ್ತು ಧೂಳನ್ನು ಪೂರ್ತಿ ತೆಗೆದ ಮೇಲೆ ತಳಕ್ಕೂ ಗೋಡೆಗಳಿಗೂ ಹೊಸ ಮಾಲು ಅಂಟಿಕೊಳ್ಳಲೆಂದು ಎಮಲ್ಷನ್, ಅಂದರೆ ನೀರಿನಲ್ಲಿ ಬೆರೆಸಿದ ಡಾಂಬರು, ಬಳಿಯುತ್ತೇವೆ. ಬಳಿಯುವಾಗ ಅದು ಕಂದುಬಣ್ಣಕ್ಕಿರುತ್ತದೆ. ಅದರಲ್ಲಿನ ನೀರು ಬೇರ್ಪಟ್ಟು ಬಣ್ಣ ಕಪ್ಪಾಗುವವರೆಗೆ ಕಾಯಬೇಕು. ಅವಸರದಲ್ಲಿ ಅತಿ ಸುಲಭವಾಗಿ ಕೈಬಿಡುವ ಕೆಲಸ ಇದೇ, ಏಕೆಂದರೆ ಬಿಟ್ಟಿದ್ದು ಆ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಟ್ ಮಿಕ್ಸ್ (ಬಿಸಿಯಾಗಿ ಕಲಸಿದ ಡಾಂಬರು-ಜಲ್ಲಿ) ಲಾರಿ ಬಂದ ಕೂಡಲೇ ಮಾಲಿನೊಳಗೆ ಥರ್ಮಾಮೀಟರ್ ಚುಚ್ಚುತ್ತೇನೆ. ಸಾಮಾನ್ಯ ಡಾಂಬರಿನ ಮಾಲು ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಯಾರಾಗುತ್ತದೆ, 80–90ಕ್ಕೆ ಇಳಿದ ಮೇಲೆ ಎಷ್ಟು ದಮ್ಮಸು ಹೊಡೆದರೂ ಬಿಗಿಯಾಗುವುದಿಲ್ಲ. ಆಳದ ಗುಂಡಿಯನ್ನು ಒಮ್ಮೆಲೇ ತುಂಬದೆ ಪದರ ಪದರವಾಗಿ ತುಂಬಿ, ಪ್ರತಿ ಪದರಕ್ಕೂ ದಮ್ಮಸು ಹೊಡೆಸುತ್ತೇನೆ. ಕೊನೆಯ ಪದರ ರಸ್ತೆಯ ಮಟ್ಟಕ್ಕಿಂತ ಕೆಲವು ಮಿಲಿಮೀಟರ್ ಮೇಲಿರಬೇಕು, ಏಕೆಂದರೆ ವಾಹನಗಳು ಓಡಾಡಿದಂತೆ ಅದು ಇನ್ನಷ್ಟು ಕೂರುತ್ತದೆ. ಒಳಗೆ ಉಳಿಯುವ ಗಾಳಿಯ ಪ್ರಮಾಣ ಶೇ. 8ನ್ನು ಮೀರಿದರೆ ಸಂದುಗಳು ಒಂದಕ್ಕೊಂದು ಕೂಡಿಕೊಂಡು ತೇಪೆಯೇ ನೀರನ್ನು ಒಳಗೆ ಬಿಡತೊಡಗುತ್ತದೆ. ಕೊನೆಗೆ ಹಳೆಯ ಮತ್ತು ಹೊಸ ಡಾಂಬರು ಕೂಡುವ ಗೆರೆಯ ಮೇಲೆ ಕಾಯಿಸಿದ ಡಾಂಬರನ್ನು ಸುರಿದು ಸಂದು ಮುಚ್ಚುತ್ತೇವೆ.

ಕತ್ತರಿಸಿ ತುಂಬುವುದೊಂದೇ ಸರಿಯಾದ ದಾರಿಯೆಂದು ನಾನು ಬಹುಕಾಲ ವಾದಿಸುತ್ತಿದ್ದೆ. 1990ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾದ ರಸ್ತೆಗಳಲ್ಲಿ ಕೋಲ್ಡ್ ಮಿಕ್ಸ್ (ಕಾಯಿಸದೆಯೇ ಹಾಕುವ ಡಾಂಬರು-ಜಲ್ಲಿ) ತೇಪೆಗಳನ್ನು ಹೋಲಿಸಿ ನೋಡಿದ ದೊಡ್ಡ ಅಧ್ಯಯನವೊಂದು ಆ ವಾದವನ್ನು ಸ್ವಲ್ಪ ಸಡಿಲಿಸಿತು: ಒಂದೇ ಬಗೆಯ ಒಳ್ಳೆಯ ಮಾಲನ್ನು ಬಳಸಿದಾಗ, ಗುಂಡಿಗೆ ಸುರಿದು ಲಾರಿಯ ಚಕ್ರ ಹಾಯಿಸಿ ಕೂರಿಸಿದ ತೇಪೆಗಳು ಅಂಚು ಕತ್ತರಿಸಿ ಹಾಕಿದ ತೇಪೆಗಳಷ್ಟೇ ಬಾಳಿದ್ದವು. ಹಾಗಾಗಿ ಮಳೆ ಬಿಡದ ದಿನಗಳಲ್ಲಿ ಒಳ್ಳೆಯ ಕೋಲ್ಡ್ ಮಿಕ್ಸ್ ಸುರಿಸಲು ಈಗ ಹಿಂಜರಿಯುವುದಿಲ್ಲ. ಬೈಕ್ ಸವಾರನೊಬ್ಬ ಬೀಳುವುದಕ್ಕಿಂತ ಅದು ಮೇಲು. ಆದರೆ ಅಂಥ ತೇಪೆಗಳನ್ನು ನನ್ನ ದಾಖಲೆ ಪುಸ್ತಕದಲ್ಲಿ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಮಳೆ ನಿಂತ ಮೇಲೆ ಮರಳಿ ಹೋಗಿ, ನೀರು ಎಲ್ಲಿಂದ ಬರುತ್ತಿದೆಯೆಂದು ಕಂಡುಕೊಂಡ ಮೇಲಷ್ಟೇ ಆ ಸಾಲಿನ ಮೇಲೆ ಶಾಯಿ ಬೀಳುತ್ತದೆ. ಈ ಸಲ ಇನ್ನೂ ಎರಡು ಪುಟ ಪೆನ್ಸಿಲ್‌ನಲ್ಲೇ ಇದೆ.