ಮೇಜಿನ ಸಿಎನ್‌ಸಿ ಯಂತ್ರ: ಮೊದಲ ಕೆತ್ತನೆಗೆ ಮುನ್ನ

300 × 180 ಮಿ.ಮೀ. ಕೆಲಸದ ಜಾಗವಿರುವ 3018 ಮಾದರಿಯ ಸಿಎನ್‌ಸಿ ಯಂತ್ರವನ್ನು (ಕಂಪ್ಯೂಟರ್ ಆದೇಶದಂತೆ ಕೆತ್ತುವ ಯಂತ್ರ) ಹೊಸದಾಗಿ ಕೊಂಡವರು ತೇಗದಂಥ ಬೆಲೆಬಾಳುವ ಮರಕ್ಕೆ ಕೈಹಾಕುವ ಮೊದಲು, ಬಿಟ್ (ಕೆತ್ತುವ ಮೊನೆ) ಜೋಡಿಸದೆ ಪೂರ್ತಿ ವಿನ್ಯಾಸವನ್ನು ಗಾಳಿಯಲ್ಲಿ ಒಮ್ಮೆ ಓಡಿಸಿ ನೋಡಬೇಕು.

ನನ್ನ ಮೊದಲ ಹಲಗೆಗಳು ಹಾಳಾದದ್ದು ಎತ್ತರದ ಸೊನ್ನೆಯನ್ನು, ಅಂದರೆ ಬಿಟ್ಟಿನ ತುದಿ ಹಲಗೆಯ ಮೇಲ್ಮೈಯನ್ನು ಮುಟ್ಟುವ ಮಟ್ಟವನ್ನು, ಅಂದಾಜಿನಲ್ಲಿ ಗುರುತಿಸಿದ್ದರಿಂದ. ವಿ ಆಕಾರದ ಬಿಟ್ ಆಳಕ್ಕಿಳಿದಷ್ಟೂ ಗೆರೆ ಅಗಲವಾಗುವುದರಿಂದ, ಅರ್ಧ ಮಿಲಿಮೀಟರಿನ ವ್ಯತ್ಯಾಸವೂ ಅಕ್ಷರಗಳ ಒತ್ತು, ಕೊಂಬುಗಳನ್ನು ಒಂದಕ್ಕೊಂದು ಕೂಡಿಸಿಬಿಡುತ್ತದೆ. ಹಲಗೆಗೂ ಬಿಟ್ಟಿನ ತುದಿಗೂ ನಡುವೆ ತೆಳುವಾದ ಕಾಗದವನ್ನಿಟ್ಟು, ಎಳೆದಾಗ ಅದು ತುಸು ಹಿಡಿದಂತಾಗುವವರೆಗೆ ನಿಧಾನವಾಗಿ ಇಳಿಸಿ, ಅಲ್ಲಿಯೇ ಸೊನ್ನೆಯನ್ನು ನಿಗದಿಪಡಿಸಿರಿ. ಹಲಗೆ ಡೊಂಕಾಗಿದ್ದರೆ ಈ ಶ್ರಮವೆಲ್ಲ ವ್ಯರ್ಥವಾದೀತು. ಆದ್ದರಿಂದ ನಾಲ್ಕೂ ಮೂಲೆಗಳಲ್ಲಿ ಇದೇ ಪರೀಕ್ಷೆ ಮಾಡಿರಿ.

ಅಭ್ಯಾಸಕ್ಕೆ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಸಾಕು, ಆದರೆ ಅದರ ನುಣ್ಣನೆಯ ಧೂಳು ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಮುಖಗವಸು, ಕನ್ನಡಕಗಳಿಲ್ಲದೆ ಸ್ಪಿಂಡಲ್ (ಬಿಟ್ ತಿರುಗಿಸುವ ಭಾಗ) ಚಾಲೂ ಮಾಡಬೇಡಿರಿ.